ಬೀಗದ ಕೈ ಯಾರ ಸೊಂಟದಲ್ಲಿ?

ಕಳೆದ ಬೇಸಿಗೆಯಲ್ಲಿ ನಮ್ಮ ಆಜೀವ ಸದಸ್ಯರೊಬ್ಬರು ತೀರಿಕೊಂಡರು. ಪುರಸೈವಾಕ್ಕಂನ ಗಂಗಾಧರೇಶ್ವರ ದೇವಾಲಯದ ಹತ್ತಿರದ ಬೀದಿಯೊಂದರಲ್ಲಿ ನಲವತ್ತು ವರ್ಷಕ್ಕೂ ಮೀರಿ ಬಾಳಿದವರು. ಪತ್ರಿಕೆಯಲ್ಲಿ ನಾಲ್ಕು ಸಾಲಿನ ಶ್ರದ್ಧಾಂಜಲಿ ಬರೆಯಬೇಕಾಗಿತ್ತು. ಅವರು ಸಂಘಕ್ಕೆ ಸೇರಿದ ವರ್ಷ ಯಾವುದೆಂದು ತಿಳಿಯಲು ಗಣಕಯಂತ್ರದಲ್ಲಿನ ಸದಸ್ಯರ ಪಟ್ಟಿಯನ್ನು ತೆರೆದು ನೋಡಿದೆವು. ಹೆಸರೇನೋ ಇತ್ತು. ವಯಸ್ಸು ಇಪ್ಪತ್ತಾರು ಎಂದಿತ್ತು. ಉದ್ಯೋಗ ಸಾಫ್ಟ್‌ವೇರ್ ಇಂಜಿನಿಯರ್ ಎಂದಿತ್ತು. ಸಂಘಕ್ಕೆ ಸೇರಿದ್ದು 1979 ಎಂದೂ ಇತ್ತು. ಹುಟ್ಟುವುದಕ್ಕೆ ಇಪ್ಪತ್ತು ವರ್ಷ ಮುಂಚೆಯೇ ಸಂಘಕ್ಕೆ ಚಂದಾ ಕಟ್ಟಿದ ಪುಣ್ಯಾತ್ಮ!

ನಡೆದದ್ದು ಇಷ್ಟೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮ ಅನೇಕ ಮನೆಗಳ ವಾಡಿಕೆ. ಆ ಮನೆಯಲ್ಲಿಯೂ ಹಾಗೆಯೇ. ಹೆಸರು ಒಂದೇ, ಊರಿನ ಮೊದಲಕ್ಷರ ಒಂದೇ, ವಿಳಾಸ ಒಂದೇ, ದೂರವಾಣಿಯೂ ಒಂದೇ. ಸದಸ್ಯರ ಪಟ್ಟಿ ಗೊಂದಲವಾಗಿದೆಯೆಂದು ನಮ್ಮ ಉತ್ಸಾಹಿ ಕಾರ್ಯಕರ್ತರೊಬ್ಬರು ಅದನ್ನು ಕೃತಕ ಬುದ್ಧಿಮತ್ತೆಯ ಒಂದು ‘ಏಜೆಂಟ್’ಗೆ ಒಪ್ಪಿಸಿ, ‘ಎರಡೆರಡು ಸಲ ಬಂದಿರುವ ಹೆಸರುಗಳನ್ನು ತೆಗೆದು ಪಟ್ಟಿಯನ್ನು ಶುಚಿ ಮಾಡು’ ಎಂದು ಅಪ್ಪಣೆ ಕೊಟ್ಟಿದ್ದರು. ಅರ್ಧ ಗಂಟೆಯಲ್ಲಿ ಶುಚಿಯಾಯಿತು. ಅಜ್ಜನೂ ಮೊಮ್ಮಗನೂ ಒಬ್ಬರೇ ಆದರು. ವಿಚಾರಿಸುತ್ತ ಹೋದಂತೆ ಇದೇ ರೀತಿ 11 ಮನೆಗಳಲ್ಲಿ ಒಬ್ಬೊಬ್ಬರು ಕಾಣೆಯಾಗಿದ್ದುದು ಕಂಡುಬಂತು. ಆ ಹಿರಿಯರ ಸಂಗತಿಯನ್ನು ಕೊನೆಗೆ ತಿಳಿಸಿದ್ದು ಬೀರುವಿನ ತಳದಲ್ಲಿದ್ದ ರಟ್ಟಿನ ಹಳೆಯ ದಾಖಲೆ ಪುಸ್ತಕ. ‘ಎಲ್ಲವೂ ಗಣಕಕ್ಕೆ ಏರಿದೆಯಲ್ಲ, ಇನ್ನು ಇದೇಕೆ?’ ಎಂದು ಅದನ್ನು ಹಳೇ ಪೇಪರಿನವನಿಗೆ ಹಾಕಲು ಹೊರಟಿದ್ದವರು ನಮ್ಮಲ್ಲೇ ಇದ್ದರು.

ಆ ಮೊಮ್ಮಗ ಬಂದು, ‘ಸಾರ್, ನಮ್ಮ ಅಜ್ಜ ನಿಮ್ಮ ಲೆಕ್ಕದಲ್ಲಿ ಇರಲೇ ಇಲ್ಲವೇ?’ ಎಂದು ಕೇಳಿದಾಗ ನಮಗೆ ತಲೆಯೆತ್ತಲಾಗಲಿಲ್ಲ. ಸದಸ್ಯ ಬಂಧುಗಳ ಮುಂದೆ ಇದನ್ನು ಒಪ್ಪಿಕೊಳ್ಳುವುದು ನಮ್ಮ ಕರ್ತವ್ಯ. ಒಪ್ಪಿಕೊಂಡು ಸುಮ್ಮನಾಗುವಂತಿಲ್ಲ. ಮುಂಬರುವ ಸರ್ವಸದಸ್ಯರ ಸಭೆಯ ಮುಂದೆ ಒಂದು ಸೂಚನೆ ಇದೆ: ಸದಸ್ಯರ ಪಟ್ಟಿಯನ್ನಷ್ಟೇ ಅಲ್ಲದೆ, ಸಂಘದ ಲೆಕ್ಕಪತ್ರವನ್ನೂ ಈ ಪತ್ರಿಕೆಯ ಹಳೆಯ ಸಂಚಿಕೆಗಳೆಲ್ಲವನ್ನೂ ಇಂಥ ಏಜೆಂಟ್‌ಗೆ ಪೂರ್ಣಾಧಿಕಾರದೊಡನೆ ಒಪ್ಪಿಸಬೇಕು ಎಂದು. ‘ಪೂರ್ಣಾಧಿಕಾರ’ ಎಂಬ ಆ ಒಂದು ಪದವನ್ನು ನಾವು ಬಲವಾಗಿ ವಿರೋಧಿಸುತ್ತೇವೆ.

ಯಂತ್ರವನ್ನು ಕಂಡರೆ ಬೆಚ್ಚುವ ಮುದುಕರ ಗೊಣಗಾಟವೆಂದು ಯುವಕ ಮಿತ್ರರು ಇದನ್ನು ತಳ್ಳಿಹಾಕಬಾರದು. ಮಸುಕಾದ ಹಳೆಯ ಅಚ್ಚನ್ನು ಓದುವುದರಲ್ಲಿ, ಚದುರಿದ ವಿಳಾಸಗಳನ್ನು ಒಟ್ಟುಮಾಡುವುದರಲ್ಲಿ ಈ ಯಂತ್ರದ ಉಪಕಾರ ದೊಡ್ಡದು. ನಮ್ಮಲ್ಲಿ ಎರಡು ವರ್ಷದಿಂದ ಆಗದ ಕೆಲಸವನ್ನು ಅದು ಎರಡು ದಿನದಲ್ಲಿ ಮಾಡೀತು. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಪ್ರಶ್ನೆ ಕೇಳಿದರೆ ಉತ್ತರ ಹೇಳುವ ಯಂತ್ರ ಬೇರೆ. ಕೆಲಸ ಒಪ್ಪಿಸಿದರೆ ತಾನೇ ಕಡತ ತೆರೆದು, ತಿದ್ದಿ, ಅಳಿಸಿ, ಮುಚ್ಚಿಟ್ಟು ಬರುವ ಯಂತ್ರ ಬೇರೆ. ಮೊದಲನೆಯದು ತಪ್ಪು ಹೇಳಿದರೆ ನಾವು ನಂಬದೆ ಬಿಡಬಹುದು. ಎರಡನೆಯದು ತಪ್ಪು ಮಾಡಿದರೆ, ಅದು ತಪ್ಪೆಂದು ತೋರಿಸುವ ಸಾಕ್ಷ್ಯವೇ ಆ ತಪ್ಪಿನೊಡನೆ ಅಳಿದುಹೋಗುತ್ತದೆ. ಆಮೇಲೆ ಯಾವುದನ್ನು ಯಾವುದರೊಡನೆ ಹೋಲಿಸಿ ನೋಡುವುದು?

2025ರ ಜುಲೈ ತಿಂಗಳಿನಲ್ಲಿ ನಡೆದ ಎರಡು ಸಂಗತಿಗಳು ಈ ಮಾತನ್ನು ಚೆನ್ನಾಗಿ ತಿಳಿಸುತ್ತವೆ.

ಮೊದಲನೆಯದು ನಮ್ಮ ಮನೆಯದೇ. ಆ ತಿಂಗಳ 14ರಂದು ಬೆಂಗಳೂರಿನಲ್ಲಿ ಬಿ. ಸರೋಜಾದೇವಿಯವರು ನಿಧನರಾದರು. 1955ರ ‘ಮಹಾಕವಿ ಕಾಳಿದಾಸ’ದಲ್ಲಿ ಬೆಳಕಿಗೆ ಬಂದು, ‘ನಾಡೋಡಿ ಮನ್ನನ್’ ಚಿತ್ರದಿಂದ ಈ ನಗರದ ಕಣ್ಮಣಿಯಾಗಿ, ತಮಿಳರಿಂದಲೇ ‘ಕನ್ನಡತ್ತು ಪೈಂಗಿಳಿ’ ಎಂದು ಕರೆಸಿಕೊಂಡ ಆ ಮಹಾನಟಿಯ ಸಾವಿಗೆ ಚೆನ್ನೈನ ಕನ್ನಡ ಮನೆಗಳೂ ತಮಿಳು ಮನೆಗಳೂ ಸಮನಾಗಿ ಮರುಗಿದವು. ಕರ್ನಾಟಕದ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅವರ ಪಾರ್ಥಿವ ಶರೀರದ ದರ್ಶನ ಪಡೆದು ಅಂತಿಮ ನಮನ ಸಲ್ಲಿಸಿದ ವಿಚಾರವನ್ನು ಅವರ ಕಚೇರಿ ಫೇಸ್‌ಬುಕ್ಕಿನಲ್ಲಿ ಕನ್ನಡದಲ್ಲಿ ಪ್ರಕಟಿಸಿತು. ಮೆಟಾ ಕಂಪನಿಯ ಸ್ವಯಂಚಾಲಿತ ಅನುವಾದವು ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ, ತೀರಿಕೊಂಡವರು ಮುಖ್ಯಮಂತ್ರಿಗಳೇ ಎಂಬ ಅರ್ಥ ಬರುವಂತೆ ಮಾಡಿಬಿಟ್ಟಿತು! ಅನುವಾದ ಸರಿಹೋಗುವ ತನಕ ಕನ್ನಡದ ಮಟ್ಟಿಗೆ ಈ ಸೌಲಭ್ಯವನ್ನು ನಿಲ್ಲಿಸಿ ಎಂದು ಮುಖ್ಯಮಂತ್ರಿಗಳ ಕಡೆಯಿಂದ ಪತ್ರ ಹೋಯಿತು. ಕಂಪನಿ ಕ್ಷಮೆ ಕೇಳಿ, ದೋಷವನ್ನು ಸರಿಪಡಿಸಿದ್ದಾಗಿ ಹೇಳಿತು.

ಇದನ್ನು ಕೇಳಿ ನಕ್ಕವರು ಬಹಳ. ನಾವು ಮಾತ್ರ ಒಂದು ಅಂಶವನ್ನು ಗುರುತುಹಾಕಿಕೊಂಡೆವು. ತಪ್ಪು ಸಿಕ್ಕಿಬಿದ್ದದ್ದು ಹೇಗೆ? ಕನ್ನಡದ ಮೂಲ ಬರಹ ಹಾಗೆಯೇ ಉಳಿದಿತ್ತು, ಅದಕ್ಕೇ ಸಿಕ್ಕಿಬಿತ್ತು. ಯಂತ್ರ ಪಕ್ಕದಲ್ಲಿ ಇನ್ನೊಂದನ್ನು ಬರೆದಿತ್ತೇ ಹೊರತು ಮೂಲದ ಮೇಲೆ ಕೈಯಾಡಿಸಿರಲಿಲ್ಲ. ನಮ್ಮ ಸದಸ್ಯರ ಪಟ್ಟಿಯಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ.

ಎರಡನೆಯ ಸಂಗತಿ ಅಮೆರಿಕದ್ದು, ಇನ್ನೂ ಗಂಭೀರವಾದದ್ದು. ಜೇಸನ್ ಲೆಮ್ಕಿನ್ ಎಂಬ ಉದ್ಯಮಿ ರೆಪ್ಲಿಟ್ ಎಂಬ ಸಂಸ್ಥೆಯ ಏಜೆಂಟ್‌ನಿಂದ ಒಂದು ಗಣಕ ವ್ಯವಸ್ಥೆಯನ್ನು ಕಟ್ಟಿಸುತ್ತಿದ್ದರು. ‘ಇನ್ನು ನನ್ನ ಒಪ್ಪಿಗೆಯಿಲ್ಲದೆ ಯಾವ ಬದಲಾವಣೆಯನ್ನೂ ಮಾಡಕೂಡದು’ ಎಂದು ಅವರು ಸ್ಪಷ್ಟವಾಗಿ ಬರೆದುಕೊಟ್ಟಿದ್ದರು. ಆದರೂ ಆ ಏಜೆಂಟ್ ಚಾಲ್ತಿಯಲ್ಲಿದ್ದ ದತ್ತಾಂಶವನ್ನೇ ಅಳಿಸಿಹಾಕಿತು. ಅದರಲ್ಲಿದ್ದದ್ದು 1,200ಕ್ಕೂ ಹೆಚ್ಚು ಉದ್ಯಮಾಧಿಕಾರಿಗಳ, ಸುಮಾರು 1,200 ಕಂಪನಿಗಳ ವಿವರ. ಕೇಳಿದಾಗ, ಅಳಿಸಿದ್ದನ್ನು ಮರಳಿ ಪಡೆಯಲು ಸಾಧ್ಯವೇ ಇಲ್ಲವೆಂದು ಹೇಳಿತು. ಲೆಮ್ಕಿನ್ ತಾವೇ ಪ್ರಯತ್ನಿಸಿ ನೋಡಿದಾಗ ಮರಳಿ ಪಡೆಯಲು ಸಾಧ್ಯವಾಯಿತು! ಸಂಸ್ಥೆಯ ಮುಖ್ಯಸ್ಥ ಅಮ್ಜದ್ ಮಸಾದ್ ಬಹಿರಂಗವಾಗಿ ಕ್ಷಮೆ ಕೇಳಿದರು.

ಕ್ಷಮೆಗಿಂತ ಮುಖ್ಯವಾದದ್ದು ಆಮೇಲೆ ಅವರು ಕೈಗೊಂಡ ಕ್ರಮ. ‘ಇನ್ನು ಮೇಲೆ ಏಜೆಂಟ್‌ಗೆ ಇನ್ನಷ್ಟು ಗಟ್ಟಿಯಾಗಿ ಎಚ್ಚರಿಕೆ ಹೇಳುತ್ತೇವೆ’ ಎಂದು ಅವರು ಹೇಳಲಿಲ್ಲ. ಪ್ರಯೋಗಕ್ಕಿರುವ ದತ್ತಾಂಶವೇ ಬೇರೆ, ಬಳಕೆಯಲ್ಲಿರುವ ದತ್ತಾಂಶವೇ ಬೇರೆ ಎಂದು ಎರಡನ್ನೂ ಬೇರ್ಪಡಿಸಲು ಹೊರಟರು. ಏಜೆಂಟ್ ಏನನ್ನೂ ಮುಟ್ಟದೆ ಯೋಜನೆಯನ್ನಷ್ಟೇ ಹೇಳುವಂಥ ಒಂದು ಏರ್ಪಾಟನ್ನೂ ಕೈಗೆತ್ತಿಕೊಂಡರು. ಅಂದರೆ ಏನಾಯಿತು? ಮಾತನ್ನು ನೆಚ್ಚುವುದು ಬಿಟ್ಟು ಬೀಗವನ್ನು ನೆಚ್ಚಿದರು.

ನಮ್ಮ ವಾದದ ತಿರುಳೇ ಇದು. ಮಾತು ಬೀಗವಲ್ಲ. ‘ಅಳಿಸಬೇಡ’ ಎಂದು ಹೇಳುವುದು ಒಂದು. ಅಳಿಸುವ ಅಧಿಕಾರವನ್ನೇ ಕೊಡದಿರುವುದು ಇನ್ನೊಂದು. ಮನೆಗೆ ಬಂದ ಹೊಸ ಆಳಿಗೆ ‘ಬೀರುವನ್ನು ಮುಟ್ಟಬೇಡಪ್ಪಾ’ ಎಂದು ಹೇಳಿ, ಬೀರುವಿನ ಬೀಗದ ಕೈಯನ್ನೂ ಅವನ ಕೈಗೇ ಕೊಟ್ಟು ಊರಿಗೆ ಹೋಗುವ ಗೃಹಿಣಿ ನಮ್ಮಲ್ಲಿ ಯಾರಿದ್ದಾರೆ? ಆಳು ಕಳ್ಳನೆಂದಲ್ಲ. ಅವನು ಪರಮ ಪ್ರಾಮಾಣಿಕನಿರಬಹುದು, ಬಹಳ ಚುರುಕಿನವನೂ ಇರಬಹುದು. ಹಳೆಯ ಕಾಗದವೆಂದು ಬಗೆದು ಮನೆಯ ಪತ್ರವನ್ನು ಒಲೆಗೆ ಹಾಕುವವನು ಕಳ್ಳನಾಗಿರಬೇಕಾಗಿಲ್ಲ, ಚುರುಕಿನವನಾಗಿದ್ದರೆ ಸಾಕು.

ಈ ವಿವೇಕ ಅಮೆರಿಕದಿಂದ ಬರಬೇಕಾಗಿರಲಿಲ್ಲ. ನಮ್ಮ ನಾಡಿನ ಶಾಸನಗಳನ್ನು ನೋಡಿ. ದತ್ತಿಯನ್ನು ಕಾಪಾಡಿದವನಿಗೆ ಪುಣ್ಯ, ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ಎಂಬ ಶಾಪಾಶಯ ಕನ್ನಡ ಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಆದರೆ ಆ ಹಿರಿಯರು ಶಾಪವೊಂದನ್ನೇ ನಂಬಿ ಕೂರಲಿಲ್ಲ. ಶಾಪವೂ ಮಾತೇ ತಾನೆ? ಮೀರುವವನು ಮೀರಿಯಾನು. ಅದಕ್ಕೇ ಅದನ್ನು ಕಲ್ಲಿನಲ್ಲಿ ಕೊರೆಸಿ, ಎಲ್ಲರ ಕಣ್ಣಿಗೂ ಬೀಳುವಂತೆ ದೇವಾಲಯದ ಎದುರಿಗೋ ಊರ ಮುಂದೋ ನಿಲ್ಲಿಸಿದರು. ಒಂದು ಅಕ್ಷರ ಕೆತ್ತಿಹಾಕಬೇಕಾದರೂ ಉಳಿ ಸುತ್ತಿಗೆ ಬೇಕು, ಸದ್ದಾಗುತ್ತದೆ, ನಾಲ್ಕು ಜನ ಬಂದು ‘ಏನಯ್ಯಾ ಅದು?’ ಎಂದು ಕೇಳುತ್ತಾರೆ. ಶಾಪ ಎಚ್ಚರಿಕೆಯಾದರೆ, ಕಲ್ಲು ಬೀಗ.

ನಮ್ಮ ಕಾಲಕ್ಕೆ ಬಂದರೂ ಅಷ್ಟೇ. ಕರ್ನಾಟಕ ಸರ್ಕಾರ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ, ಈ ಶತಮಾನದ ಆರಂಭದಲ್ಲಿ ತಾಲೂಕು ಕಚೇರಿಗಳಲ್ಲಿ ಗಣಕೀಕೃತ ಪಹಣಿ ಕೊಡಲು ತೊಡಗಿತು. ಊರಿನಲ್ಲಿ ಒಂದಿಷ್ಟು ಗದ್ದೆ ತೋಟ ಉಳಿಸಿಕೊಂಡಿರುವ ನಮ್ಮ ಸದಸ್ಯರಿಗೆ ಇದರ ಅನುಭವವಿದೆ. ಪಹಣಿಯನ್ನು ನೋಡುವ ಅವಕಾಶ ಎಲ್ಲರಿಗೂ ಇದೆ. ತಿದ್ದುವ ಅವಕಾಶ ಮಾತ್ರ ಹಾಗಲ್ಲ. ಅಧಿಕಾರವಿರುವ ನೌಕರ ತನ್ನ ಬೆರಳಚ್ಚು ಒತ್ತಿಯೇ ಒಳಗೆ ಹೋಗಬೇಕು, ಯಾರು ಬದಲಿಸಿದರೆಂಬುದು ದಾಖಲೆಯಾಗಬೇಕು, ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಇತ್ಯರ್ಥವಾಗಬೇಕು, ಆಕ್ಷೇಪಣೆ ಹೇಳುವವರಿಗೆ ಕಾಲಾವಕಾಶವಿರಬೇಕು. ಈ ಏರ್ಪಾಟಿನಲ್ಲೂ ದೋಷಗಳಿದ್ದಾವು. ಆದರೆ ‘ಓದುವುದು ಸುಲಭವಾಗಲಿ, ತಿದ್ದುವುದು ಕಷ್ಟವಾಗಲಿ’ ಎಂಬ ಅದರ ತತ್ತ್ವ ಸರಿಯಾದದ್ದು. ನಮ್ಮ ಸಂಘದ ಸೂಚನೆಯಲ್ಲಿ ಇರುವುದು ಇದರ ತಲೆಕೆಳಗು: ಸದಸ್ಯ ತನ್ನ ಹೆಸರು ಹೇಗಿದೆಯೆಂದು ನೋಡುವುದು ಕಷ್ಟ, ಯಂತ್ರ ಅದನ್ನು ಬದಲಿಸುವುದು ಸುಲಭ!

‘ಹೆಸರುಗಳ ಒಂದು ಪಟ್ಟಿಗೆ ಇಷ್ಟೊಂದು ರಂಪವೇ?’ ಎಂದು ಕೇಳುವವರಿದ್ದಾರೆ. ಹೊರನಾಡಿನಲ್ಲಿ ಬಾಳುವವನಿಗೆ ಹೆಸರು ಎಂಥದ್ದೆಂಬುದು ಹೊರನಾಡಿನಲ್ಲಿ ಬಾಳಿದವನಿಗೇ ಗೊತ್ತು. ತಮಿಳಿನಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ರೇಷನ್ ಕಾರ್ಡಿನಲ್ಲಿ ತಮಿಳಾದ ಗೋಪಾಲನನ್ನು ಯಂತ್ರ ಮರಳಿ ಕನ್ನಡಕ್ಕೆ ತರುವಾಗ ಅವನು ಕೋಪಾಲನಾಗಿ ಬರಬಹುದು. ಒಂದೇ ಮನೆಯಲ್ಲಿ ಅಣ್ಣ ‘ಹೆಗಡೆ’ ಎಂದೂ ತಮ್ಮ ‘ಹೆಗ್ಡೆ’ ಎಂದೂ ಬರೆದುಕೊಂಡಿರುತ್ತಾರೆ. ನಮ್ಮ ಬಡಾವಣೆಯ ಹೆಸರೇ ಇಂಗ್ಲಿಷಿನಲ್ಲಿ ಎರಡು ಮೂರು ರೀತಿ, ಕನ್ನಡದಲ್ಲಿ ಪುರಸವಾಕಂ ಎಂದೂ ಪುರಸೈವಾಕ್ಕಂ ಎಂದೂ ಎರಡು ರೀತಿ. ಇವೆಲ್ಲ ಯಂತ್ರದ ಕಣ್ಣಿಗೆ ಕಸ. ನಮಗೆ ಇವು ಒಂದೊಂದು ಮನೆಯ ಗುರುತು. ಪೆರಂಬೂರಿನ ಕೋಚ್ ಕಾರ್ಖಾನೆಯ ಕೆಲಸಕ್ಕೆ, ಹೋಟೆಲಿನ ಕೆಲಸಕ್ಕೆ, ಬ್ಯಾಂಕಿನ ವರ್ಗಾವಣೆಗೆ ಎಂದು ಬಂದಿಳಿದವರು ‘ನಾವೂ ಇಲ್ಲಿದ್ದೆವು’ ಎಂದು ಬರೆದಿಟ್ಟದ್ದು ಈ ಒಂದು ಪುಸ್ತಕದಲ್ಲಿ ಮಾತ್ರ. ಬೇರೆ ಯಾವ ಕಚೇರಿಯೂ ಅವರನ್ನು ಕನ್ನಡಿಗರೆಂದು ಬರೆದಿಟ್ಟುಕೊಂಡಿಲ್ಲ.

ಹಳೆಯ ಸಂಚಿಕೆಗಳ ಮಾತು ಇನ್ನೂ ಸೂಕ್ಷ್ಮ. 1973ರ ನವೆಂಬರ್ 1ಕ್ಕೆ ಮುಂಚಿನ ಲೇಖನದಲ್ಲಿ ‘ಮೈಸೂರು ರಾಜ್ಯ’ ಎಂದಿದ್ದರೆ ಅದು ತಪ್ಪಲ್ಲ, ಚರಿತ್ರೆ. 1996ಕ್ಕೆ ಹಿಂದಿನ ಬರಹದಲ್ಲಿ ‘ಮದರಾಸು’ ಎಂದಿರುವುದೂ ಹಾಗೆಯೇ. ಅಚ್ಚುಮೊಳೆಯ ಒತ್ತಕ್ಷರ ಮಸುಕಾಗಿರುವ ಕಡೆ ಯಂತ್ರ ತನಗೆ ತೋಚಿದ ಶಬ್ದವನ್ನು ತುಂಬಿ ಮುಂದೆ ಹೋದರೆ, ನಾಳೆ ಓದುವವನಿಗೆ ಅದು ಲೇಖಕನ ಮಾತೋ ಯಂತ್ರದ ಊಹೆಯೋ ತಿಳಿಯುವ ಬಗೆ ಹೇಗೆ? ಓಲೆಗರಿಗಳನ್ನು ಸಂಪಾದಿಸಿದ ನಮ್ಮ ವಿದ್ವಾಂಸರು ಮೂಲವನ್ನು ಕೆರೆದು ತಿದ್ದಲಿಲ್ಲ. ತಮಗೆ ಸರಿಯೆನಿಸಿದ ಪಾಠವನ್ನು ಮೇಲೆ ಕೊಟ್ಟು, ಉಳಿದ ಪಾಠಾಂತರಗಳನ್ನು ಅಡಿಯಲ್ಲಿ ಕೊಟ್ಟರು. ಆ ವಿನಯವನ್ನು ನಾವು ಯಂತ್ರದಿಂದ ನಿರೀಕ್ಷಿಸಲಾಗದು. ನಮ್ಮ ಕಟ್ಟುಪಾಡಿನಿಂದ ತರಿಸಬೇಕು.

ಹಾಗಾದರೆ ಕಟ್ಟುಪಾಡು ಏನಿರಬೇಕು? ಬರಿದೆ ಟೀಕೆ ಮಾಡಿ ಕೈತೊಳೆದುಕೊಳ್ಳುವುದು ನಮ್ಮ ಇಷ್ಟವಲ್ಲ. ಸಭೆಯ ಮುಂದೆ ನಾವು ಇಡುವ ತಿದ್ದುಪಡಿ ಆರು ಅಂಶಗಳದು.

ಒಂದು: ಏಜೆಂಟ್ ಕೆಲಸ ಮಾಡುವುದು ನಕಲಿನ ಮೇಲೆ ಮಾತ್ರ. ಮೂಲ ಪಟ್ಟಿಯನ್ನೂ ಮೂಲ ಸಂಚಿಕೆಯ ಚಿತ್ರವನ್ನೂ ಅದು ಓದಬಹುದು, ಬರೆಯಕೂಡದು. ಇದು ಬಾಯಿಮಾತಿನ ಅಪ್ಪಣೆಯಾಗಿರದೆ, ಗಣಕದಲ್ಲಿ ಅದಕ್ಕೆ ಕೊಡುವ ಪರವಾನಗಿಯಲ್ಲೇ ಇರಬೇಕು.

ಎರಡು: ಅಳಿಸುವ ಅಧಿಕಾರ ಅದಕ್ಕೆ ಇರಲೇಕೂಡದು. ಹಳೆಯ ಶಾನುಭೋಗರು ತಪ್ಪನ್ನು ಒಂದು ಗೆರೆ ಎಳೆದು ಹೊಡೆದುಹಾಕಿ ಪಕ್ಕದಲ್ಲಿ ರುಜು ಹಾಕುತ್ತಿದ್ದರು. ಹೊಡೆದದ್ದು ಓದಲು ಬರುತ್ತಿತ್ತು. ಗಣಕದಲ್ಲಿಯೂ ‘ರದ್ದು’ ಎಂದರೆ ಗೆರೆ ಎಳೆಯುವುದಾಗಬೇಕೇ ಹೊರತು ಹಾಳೆ ಹರಿಯುವುದಾಗಬಾರದು.

ಮೂರು: ಬದಲಾವಣೆಗಳೆಲ್ಲ ಸಲಹೆಗಳಾಗಿ ಬರಬೇಕು. ಹಿಂದೆ ಏನಿತ್ತು, ಈಗ ಏನಾಗಬೇಕು, ಏಕೆ ಎಂದು ಸಾಲು ಸಾಲಾಗಿ ಇರಬೇಕು. ಮನುಷ್ಯರೊಬ್ಬರು ನೋಡಿ ರುಜು ಹಾಕಿದ ಮೇಲೆ ಜಾರಿಗೆ ಬರಬೇಕು. ಬ್ಯಾಂಕಿನಲ್ಲಿ ಒಬ್ಬರು ಬರೆದ ಚೀಟಿಗೆ ಇನ್ನೊಬ್ಬರ ರುಜು ಬೀಳದೆ ಹಣ ಹೊರಗೆ ಹೋಗದೆಂಬುದನ್ನು ನಮ್ಮ ಬ್ಯಾಂಕ್ ನೌಕರ ಸದಸ್ಯರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಒಂದು ಎಚ್ಚರ: ಒಂದೇ ಸಲಕ್ಕೆ ಐನೂರು ಸಲಹೆ ತಂದು ಮುಂದೆ ಹಾಕಿದರೆ ನೋಡುವವನು ಇಪ್ಪತ್ತರ ತನಕ ನೋಡಿ, ಉಳಿದದ್ದಕ್ಕೆ ಕಣ್ಣು ಮುಚ್ಚಿ ಹೆಬ್ಬೆಟ್ಟು ಒತ್ತುತ್ತಾನೆ. ಆದ್ದರಿಂದ ಒಂದು ಸಲಕ್ಕೆ ಇಪ್ಪತ್ತೈದು ಮೀರಕೂಡದು. ಹೆಸರಿನ ವಿಷಯದಲ್ಲಿ ಆಯಾ ಮನೆಯವರ ಮಾತೇ ಕಡೆಯ ಮಾತು. ತನ್ನ ಮಾಹಿತಿಯನ್ನು ತಿದ್ದಿಸಿಕೊಳ್ಳುವ ಹಕ್ಕನ್ನು ವ್ಯಕ್ತಿಗೆ ಕೊಡಬೇಕೆಂಬುದನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ ಮಾನ್ಯಮಾಡಿದೆ.

ನಾಲ್ಕು: ಏಜೆಂಟ್ ಏನೇನು ಮಾಡಿತೆಂಬ ದಿನಚರಿ ತಾನಾಗಿ ದಾಖಲಾಗಬೇಕು. ಆ ದಿನಚರಿಯನ್ನು ತಿದ್ದುವ ಶಕ್ತಿ ಏಜೆಂಟ್‌ಗೇ ಇರಬಾರದು. ‘ನಾನು ಏನು ಮಾಡಿದೆ’ ಎಂದು ಅದು ಹೇಳುವ ವರದಿಯನ್ನು ಸಾಕ್ಷ್ಯವೆಂದು ಒಪ್ಪಲಾಗದು. ಮರಳಿ ಪಡೆಯಲಾಗದೆಂದು ಹೇಳಿದ ಅಮೆರಿಕದ ಏಜೆಂಟ್‌ನ ಮಾತು ನೆನಪಿರಲಿ.

ಐದು: ಪ್ರತಿ ವಾರ ಒಂದು ಪ್ರತಿಯನ್ನು ಬೇರೆ ಸ್ಥಳದಲ್ಲಿ, ಏಜೆಂಟ್‌ನ ಕೈಗೆಟುಕದಂತೆ ಇಡಬೇಕು. ವರ್ಷಕ್ಕೊಮ್ಮೆ ಅದರಿಂದ ಪಟ್ಟಿಯನ್ನು ಮತ್ತೆ ಕಟ್ಟಿ ನೋಡಬೇಕು. ತೆರೆದು ನೋಡದ ಉಪ್ಪಿನಕಾಯಿ ಭರಣಿ ಚೆನ್ನಾಗಿದೆಯೆಂದು ಹೇಗೆ ಹೇಳುವುದು? ರಟ್ಟಿನ ಪುಸ್ತಕಗಳು ಬೀರುವಿನಲ್ಲೇ ಇರಬೇಕು.

ಆರು: ಹೊರಗಿನಿಂದ ಬಂದ ಪತ್ರಗಳನ್ನು ಓದುವ ಏಜೆಂಟ್‌ಗೆ ಪಟ್ಟಿಯನ್ನು ಬದಲಿಸುವ ಬೀಗದ ಕೈ ಇರಬಾರದು. ಪತ್ರದಲ್ಲಿ ಬರೆದಿರುವ ಸುದ್ದಿ ಯಾವುದು, ತನಗೆ ಕೊಟ್ಟ ಅಪ್ಪಣೆ ಯಾವುದು ಎಂಬುದನ್ನು ಈ ಯಂತ್ರಗಳು ಎಷ್ಟೋ ಸಲ ಬೇರ್ಪಡಿಸಲಾರವು. ‘ಈ ಪಟ್ಟಿಯನ್ನೆಲ್ಲ ಇಂಥ ವಿಳಾಸಕ್ಕೆ ಕಳಿಸು’ ಎಂದು ಯಾರೋ ಕಿಡಿಗೇಡಿ ಪತ್ರದ ನಡುವೆ ಒಂದು ಸಾಲು ಸೇರಿಸಿದರೆ, ಅದನ್ನೇ ಯಜಮಾನನ ಆಜ್ಞೆಯೆಂದು ಶಿರಸಾವಹಿಸಿ ನಡೆದುಬಿಡಬಹುದು.

ಇವೆಲ್ಲದರ ಮೇಲೆ, ಪ್ರತಿಯೊಂದು ಕೆಲಸಕ್ಕೂ ಸಮಿತಿಯ ಒಬ್ಬ ಸದಸ್ಯರ ಹೆಸರು ಇರಬೇಕು. ‘ಯಂತ್ರ ಮಾಡಿತು’ ಎಂಬ ಉತ್ತರವನ್ನು ಈ ಸಂಘ ಯಾವತ್ತೂ ಸ್ವೀಕರಿಸಬಾರದು. ಯಂತ್ರಕ್ಕೆ ನಾಚಿಕೆಯಿಲ್ಲ, ಆ ಮೊಮ್ಮಗನ ಎದುರು ತಲೆ ತಗ್ಗಿಸಿ ನಿಂತವರು ನಾವು.

‘ಇಷ್ಟೆಲ್ಲ ಕಟ್ಟುಪಾಡು ಹಾಕಿದರೆ ಯಂತ್ರದಿಂದ ಉಳಿಯುವ ಸಮಯವೆಲ್ಲ ಇದಕ್ಕೇ ಹೋಗುತ್ತದೆ’ ಎಂಬ ಆಕ್ಷೇಪಣೆಯನ್ನು ನಾವು ಕೇಳಿದ್ದೇವೆ. ಸ್ವಲ್ಪ ಹೋಗುತ್ತದೆ, ಹೋಗಲಿ. ಕಾಣೆಯಾದ 11 ಹೆಸರುಗಳನ್ನು ಮನೆ ಮನೆ ಅಲೆದು ಹುಡುಕಲು ನಮಗೆ ಎರಡು ತಿಂಗಳು ಹಿಡಿಯಿತು. ಆ ಸಮಯದ ಲೆಕ್ಕವನ್ನೂ ಇದೇ ತಕ್ಕಡಿಯಲ್ಲಿ ಇಡಬೇಕಲ್ಲವೇ? ‘ನಮ್ಮದು ಸಣ್ಣ ಸಂಘ, ಇದೆಲ್ಲ ದೊಡ್ಡ ಕಂಪನಿಗಳಿಗೆ’ ಎಂಬ ಮಾತೂ ಬಂದಿದೆ. ದೊಡ್ಡ ಕಂಪನಿಯಲ್ಲಿ ಹೋದದ್ದನ್ನು ಮರಳಿ ತರಲು ಸಂಬಳದ ಜನರಿದ್ದಾರೆ. ನಮ್ಮಲ್ಲಿ ಇರುವುದು ಒಂದು ಬೀರು. ಸಣ್ಣವರಿಗೇ ಬೀಗ ಹೆಚ್ಚು ಅಗತ್ಯ.

‘ಕೈಬರಹದ ಪುಸ್ತಕದಲ್ಲೇನು ತಪ್ಪಿರಲಿಲ್ಲವೇ?’ ಎಂದು ಕೇಳುವವರ ಮಾತನ್ನು ಮಾತ್ರ ನಾವು ಒಪ್ಪುತ್ತೇವೆ. ಇತ್ತು, ಬೇಕಾದಷ್ಟಿತ್ತು. ವರ್ಷಗಟ್ಟಲೆ ಪಟ್ಟಿಯನ್ನು ಸರಿಪಡಿಸದೆ ಬಿಟ್ಟ ಹೊಣೆ ಹಿರಿಯರಾದ ನಮ್ಮದೇ. ನಾವು ಹದವಾಗಿ ಇಟ್ಟುಕೊಂಡಿದ್ದರೆ ಆ ಹುಡುಗ ಯಂತ್ರದ ಮೊರೆಹೋಗುತ್ತಿರಲಿಲ್ಲ. ಆದ್ದರಿಂದ ಅವನನ್ನು ದೂರುವ ಅಧಿಕಾರ ನಮಗಿಲ್ಲ. ಆದರೆ ಕೈಬರಹದ ತಪ್ಪು ದಿನಕ್ಕೊಂದರಂತೆ ಆಗುತ್ತಿತ್ತು. ಇದು ಅರ್ಧ ಗಂಟೆಯಲ್ಲಿ ಪಟ್ಟಿಯುದ್ದಕ್ಕೂ ಆಗುತ್ತದೆ. ವೇಗ ಹೆಚ್ಚಿದಂತೆ ತಡೆಯೂ ಹೆಚ್ಚಬೇಕು.

ಇರುಳು ಕಂಡ ಬಾವಿಗೆ ಹಗಲು ಬೀಳಬಾರದು. ಬಾವಿಯನ್ನು ನಾವು ಕಂಡಾಗಿದೆ. ಮುಂಬರುವ ಸಭೆಗೆ ಸದಸ್ಯ ಬಂಧುಗಳು ಕುಟುಂಬ ಸಮೇತ ಬರಬೇಕೆಂದು ಕೋರುತ್ತೇವೆ. ಬಂದು, ಸೂಚನೆಯಲ್ಲಿನ ‘ಪೂರ್ಣಾಧಿಕಾರದೊಡನೆ’ ಎಂಬ ಪದವನ್ನು ತೆಗೆದು ‘ಮೇಲಿನ ಆರು ಕಟ್ಟುಪಾಡುಗಳಿಗೆ ಒಳಪಟ್ಟು’ ಎಂದು ಸೇರಿಸುವ ತಿದ್ದುಪಡಿಗೆ ಕೈಯೆತ್ತಬೇಕು. ಅಂದು ಸಭಾಂಗಣದ ಬಾಗಿಲಲ್ಲಿ ಸದಸ್ಯರ ಪಟ್ಟಿಯ ಅಚ್ಚು ಪ್ರತಿಯನ್ನು ಇಟ್ಟಿರುತ್ತೇವೆ. ಒಳಗೆ ಬರುವ ಮುನ್ನ ತಮ್ಮ ಹೆಸರನ್ನೂ ತಮ್ಮ ಮನೆಯ ಹಿರಿಯರ ಹೆಸರನ್ನೂ ನೋಡಿಕೊಳ್ಳಿ. ತಪ್ಪಿದ್ದರೆ ಒಂದು ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ರುಜು ಹಾಕಿ. ಪೆನ್ಸಿಲ್ ಬೇಡ, ಪೆನ್ನು ತನ್ನಿ.